ಐದನೇ ಬಾಗಿಲ ಹಿಂದೆ ಒಂದು ಕೋಣೆ

ಮೂವತ್ತೊಂದನೇ ಭಾಗದ ಮೂರನೇ ವರ್ಷ,
ಎರಡನೇ ಬೇಸಿಗೆಯ ಅರವತ್ತೆರಡನೇ ದಿನ, ಹಗಲುಬೀಗದ ಹೊತ್ತು.

ತೇಜಸ್ವಿನಿ ಯಲಿಗಾರ ಅವರಿಗೆ,

ಮೇಲಿನ ತಾರೀಖು ನಿಮಗೆ ತಲೆಬುಡ ತಿಳಿಯಲಿಕ್ಕಿಲ್ಲ, ಕ್ಷಮಿಸಿ. ನಿಮ್ಮ ಎಣಿಕೆಯಲ್ಲಿ ಇದು 2194ನೇ ಇಸವಿ. ನೀವು ಈಗ ಮೂರು ಜನ ಗೆಳೆಯರೊಡನೆ ಕಟ್ಟುತ್ತಿರುವ ‘ಓಣಿ’ ಎಂಬ ಆಟಕ್ಕೆ ಮುಂದೆ ಮೂವತ್ತೊಂದು ಭಾಗಗಳು ಬರುತ್ತವೆ. ಅದರ ಹಳೆಯ ಅಭಿಮಾನಿಗಳಾದ ನಾವು ವರ್ಷಗಳನ್ನು ಭಾಗಗಳ ಲೆಕ್ಕದಲ್ಲೇ ಹೇಳುತ್ತೇವೆ. ನಾನು ಹುಟ್ಟಿದ್ದು ಹದಿನೆಂಟನೇ ಭಾಗದಲ್ಲಿ, ಮದುವೆಯಾಗಿದ್ದು ಇಪ್ಪತ್ತೆರಡರಲ್ಲಿ. ನನ್ನ ಮಾತು ಕೆಲವು ಕಡೆ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ದಿನಚರಿಯಿಂದ, ಅದನ್ನು ಎಷ್ಟು ಸಲ ಓದಿದ್ದೇನೆಂದರೆ ನಿಮ್ಮ ತಪ್ಪು ವಾಕ್ಯಗಳೂ ನನಗೆ ಬಾಯಿಪಾಠ. ನಿಮ್ಮನ್ನು ಹೇಗೆ ಕರೆಯಬೇಕೆಂದೂ ತಿಳಿಯುತ್ತಿಲ್ಲ. ಇದನ್ನು ಓದುವಾಗ ನಿಮಗೆ ಇಪ್ಪತ್ತಾರು, ನನಗೆ ಎಪ್ಪತ್ತೊಂದು. ತಂಗೀ ಎನ್ನಲು ಬಾಯಿ ಬರುವುದಿಲ್ಲ, ಏಕೆಂದರೆ ನಿಮ್ಮ ಫೋಟೋಕ್ಕೆ ನಾವು ಪ್ರತಿವರ್ಷ ಹೂ ಏರಿಸುತ್ತೇವೆ.

ನಿಮ್ಮ ಕೆಲಸದ ದಿನಚರಿಯನ್ನು ನಮ್ಮ ಅಭಿಮಾನಿ ಸಂಘದವರು ಅಚ್ಚು ಹಾಕಿಸಿದ್ದಾರೆ. ಅದರಲ್ಲಿ ಅಕ್ಟೋಬರ್ ಒಂಬತ್ತರಂದು ನೀವು ಹೀಗೆ ಬರೆದಿದ್ದೀರಿ: ‘ಇವತ್ತು ಆಟದ ಟಪಾಲು ಡಬ್ಬಿಯಲ್ಲಿ ನಾವ್ಯಾರೂ ಬರೆಯದ ಒಂದು ಕಾಗದ ಸಿಕ್ಕಿತು. ಬಹಳ ಉದ್ದ ಇತ್ತು. ಅಳಿಸಿದೆ.’ ಮರುದಿನದ ಹಾಳೆ ಖಾಲಿ. ಆ ಕಾಗದ ಯಾರದೆಂದು ಅಭಿಮಾನಿಗಳು ನೂರು ವರ್ಷ ಜಗಳವಾಡಿದ್ದಾರೆ. ಗೆಳೆಯರ ಕುಚೋದ್ಯ ಎಂದು ಕೆಲವರು, ಯಂತ್ರದ ದೋಷ ಎಂದು ಕೆಲವರು. ಅದು ಈ ಕಾಗದವೇ ಎಂದು ನನಗೆ ಮೂರು ದಿನಗಳಿಂದ ಅನ್ನಿಸುತ್ತಿದೆ. ಅದಕ್ಕೇ ಗಿಡ್ಡದಾಗಿ ಬರೆಯಬೇಕೆಂದು ಕೂತೆ. ಆಗುತ್ತಿಲ್ಲ. ಅಳಿಸುವ ಮೊದಲು ನೀವು ಓದಿದಿರೋ ಇಲ್ಲವೋ ಎಂದು ದಿನಚರಿ ಹೇಳುವುದಿಲ್ಲ. ನನಗೆ ಉಳಿದಿರುವುದು ಅಷ್ಟೇ ಆಸೆ.

ಮೊದಲು ನಮ್ಮ ಬದುಕಿನ ಬಗ್ಗೆ ಒಂದಿಷ್ಟು ಹೇಳಬೇಕು. ಇಲ್ಲದಿದ್ದರೆ ಒಂದು ಆಟಕ್ಕಾಗಿ ಈ ಮುದುಕಿ ಇಷ್ಟೇಕೆ ಗೋಳಾಡುತ್ತಾಳೆ ಎನ್ನುತ್ತೀರಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದರಲ್ಲಿ ಬೆಳಗಿನ ಹತ್ತರಿಂದ ಸಂಜೆ ಐದರ ತನಕ ಯಾರೂ ಹೊರಗೆ ಕಾಲಿಡುವಂತಿಲ್ಲ. ಬಾಗಿಲುಗಳು ತಾವೇ ಮುಚ್ಚಿಕೊಳ್ಳುತ್ತವೆ. ಅದಕ್ಕೆ ಹಗಲುಬೀಗ ಎನ್ನುತ್ತೇವೆ. ವಾಸ ನೆಲಮನೆಗಳಲ್ಲಿ, ಹದಿನಾಲ್ಕು ಮೆಟ್ಟಿಲು ಕೆಳಗೆ. ತಿಂಗಳಿಗೊಮ್ಮೆ ಜೋಳದ ಹಿಟ್ಟು ಬರುತ್ತದೆ, ಆದರೆ ರೊಟ್ಟಿ ಬಡಿಯುವುದು ಯಾರಿಗೂ ಬರುವುದಿಲ್ಲ. ಅಚ್ಚಿನಲ್ಲಿ ಒತ್ತಿ ತೆಗೆಯುತ್ತೇವೆ. ನೀವು ಕೂತು ಕೆಲಸ ಮಾಡುತ್ತಿರುವ ಬೆಟಗೇರಿಯ ಆ ಓಣಿ ಇದ್ದಲ್ಲೇ ಇದೆ, ಅದರಲ್ಲಿ ಮನುಷ್ಯರಿಲ್ಲ. ನನ್ನ ಮುತ್ತಜ್ಜಿಯ ಕಾಲಕ್ಕೇ ಎಲ್ಲರೂ ಬಿಟ್ಟು ಬಂದರು. ನೀವು ಓಣಿಯನ್ನು ಕಲ್ಲು ಕಲ್ಲಾಗಿ ಅಳೆದು, ಯಾರ ಮನೆಯ ಕಟ್ಟೆ ಎಲ್ಲಿ ಮುರಿದಿದೆ ಎಂಬುದನ್ನೂ ಬಿಡದೆ ಆಟದೊಳಗೆ ಕಟ್ಟಿದಿರಿ. ನಮಗೆ ಊರು ಅಂತ ಇರುವುದು ಅದೊಂದೇ. ಆಟ ತೋರಿಸುವ ಕಣ್ಣುಪಟ್ಟಿ ಕಟ್ಟಿಕೊಂಡರೆ ಓಣಿಯಲ್ಲಿ ನಿಂತಿರುತ್ತೇವೆ.

ಮೊದಲ ಭಾಗದಂಥ ಆಟ ಮತ್ತೆ ಹುಟ್ಟಲಿಲ್ಲ. ಹೊಗಳಿಕೆ ನಿಮಗೆ ಹಿಡಿಸುವುದಿಲ್ಲ ಎಂದು ಗೊತ್ತು, ಆದರೂ ಹೇಳುತ್ತೇನೆ. ರಜೆಯ ಮೇಲೆ ಹೋದವನ ಬದಲಿಗೆ ಬಂದ ಒಬ್ಬ ಅಂಚೆಯಣ್ಣ, ಅರ್ಧಂಬರ್ಧ ವಿಳಾಸದ ಹನ್ನೆರಡು ಕಾಗದಗಳು, ಹೊತ್ತು ಮುಳುಗುವುದರೊಳಗೆ ಹಂಚಬೇಕು. ಬಾಗಿಲು ತಟ್ಟಿ, ‘ಟಪಾಲ್!’ ಎಂದು ಕೂಗಿ, ಹೆಸರು ಹೇಳಬೇಕು. ಸರಿಯಾದ ಬಾಗಿಲಲ್ಲಿ ಸರಿಯಾದ ಹೆಸರು ಕೂಗಿದರೆ ಕಾಗದ ಒಳಗೆ ಹೋಗುತ್ತದೆ. ಅಷ್ಟೇ ಆಟ. ಐದನೇ ಬಾಗಿಲು ಮಾತ್ರ ತೆರೆಯುವುದಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿರುತ್ತದೆ. ತಟ್ಟಿದರೆ ಸದ್ದು ನಿಂತು, ‘ಯಾರ್ರೀ ಅದು? ನಿಂದರ್ರಿ, ಬಂದೆ’ ಎಂದು ಒಬ್ಬ ಹೆಂಗಸು ಹೇಳುತ್ತಾಳೆ. ಬರುವುದಿಲ್ಲ. ಮತ್ತೆ ತಟ್ಟಿದರೆ ಮತ್ತೆ ಅದೇ ಮಾತು. ಆಕೆ ನಿಮಗೆ ದಿನಾ ಬುತ್ತಿ ಕಟ್ಟಿಕೊಡುವ ಫಕ್ಕೀರವ್ವ. ಆ ಮಾತು ನೀವು ಹೇಳಿಕೊಟ್ಟು ಆಕೆ ಹೇಳಿದ್ದಲ್ಲ. ರೊಟ್ಟಿಯ ಸದ್ದಿಗಾಗಿ ಮೈಕು ಇಟ್ಟಿದ್ದಾಗ ಯಾರೋ ಬಾಗಿಲು ಬಡಿದರು, ಆಕೆ ಹಾಗಂದಳು, ಎದ್ದು ಹೋಗಿ ನೋಡಿದರೆ ಹೊರಗೆ ಯಾರೂ ಇರಲಿಲ್ಲ. ಇದೂ ನಿಮ್ಮ ದಿನಚರಿಯಲ್ಲೇ ಇದೆ. ಅದರ ಕೆಳಗೆ ನೀವು ಬರೆದಿದ್ದೀರಿ: ‘ಐದನೇ ಮನೆ ಕಟ್ಟಲು ಟೈಮಿಲ್ಲ. ಬಾಗಿಲ ಹಿಂದೆ ಏನೂ ಇಲ್ಲ, ಗೋಡೆಯೂ ಇಲ್ಲ. ಯಾರೂ ಒಳಗೆ ಹೋಗುವುದಿಲ್ಲ, ನಡೆಯುತ್ತದೆ.’

ನಡೆಯಿತು. ಆಮೇಲೆ ಆದದ್ದನ್ನು ಹೇಳಿದರೆ ನಿಮಗೆ ಸಂಕಟವಾಗುತ್ತದೆ, ಆದರೆ ನಾವು ಅಷ್ಟು ಹೊಟ್ಟೆ ಉರಿಸಿಕೊಂಡವರು, ಹೇಳದೆ ಇರಲಾರೆ. ಎರಡನೇ ಭಾಗಕ್ಕೆ ಮಳೆ ಬಂತು, ಸಂತೋಷ. ನಾಲ್ಕಕ್ಕೆ ಓಣಿ ಎರಡಾಯಿತು, ಇರಲಿ ಎಂದೆವು. ಅಷ್ಟರಲ್ಲಿ ಆಟ ನಿಮ್ಮ ಕೈತಪ್ಪಿ ಒಂದು ದೊಡ್ಡ ಮಂಡಳಿಯ ಪಾಲಾಗಿತ್ತು. ಏಳನೇ ಭಾಗದಲ್ಲಿ ಫಕ್ಕೀರವ್ವನ ಮಾತು ಯಾರಿಗೂ ತಿಳಿಯುವುದಿಲ್ಲ ಎಂದು ಬೇರೆ ಯಾರಿಂದಲೋ ಹೇಳಿಸಿದರು: ‘ಯಾರು? ದಯವಿಟ್ಟು ನಿಲ್ಲಿ, ಬರುತ್ತಿದ್ದೇನೆ.’ ಅಭಿಮಾನಿಗಳು ಅವತ್ತು ಊಟ ಬಿಟ್ಟರಂತೆ. ಒಂಬತ್ತಕ್ಕೆ ಅಂಚೆಯಣ್ಣನ ಕೈಗೆ ಕತ್ತಿ ಕೊಟ್ಟರು. ಅಂಚೆಯಣ್ಣನಿಗೆ ಕತ್ತಿ ಏತಕ್ಕೆ, ಕವರು ಹರಿಯಲಿಕ್ಕೇ? ಹನ್ನೆರಡಕ್ಕೆ ಐದನೇ ಬಾಗಿಲನ್ನು ತೆಗೆದುಹಾಕಿ ಗೋಡೆಯ ಮೇಲೆ ಬಾಗಿಲಿನ ಚಿತ್ರ ಬರೆದರು. ರೊಟ್ಟಿಯ ಸದ್ದೂ ಹೋಯಿತು, ಮಾತೂ ಹೋಯಿತು. ಹದಿನಾರಕ್ಕೆ ಕಾಗದಗಳಲ್ಲಿ ಅಕ್ಷರ ಇಲ್ಲವಾಯಿತು, ಬರೀ ಹೊಳೆಯುವ ಲಕೋಟೆ. ಇಪ್ಪತ್ತೇಳಕ್ಕೆ ಓಣಿಯಲ್ಲಿ ಜನವೇ ಇಲ್ಲ, ಆಡುವವನ ಕಾಲಿಗೆ ಅಡ್ಡ ಬರುತ್ತಾರಂತೆ. ಈಗಿನ ಮೂವತ್ತೊಂದರಲ್ಲಿ ಅಂಚೆಯಣ್ಣ ತಾನೇ ನಡೆಯುತ್ತಾನೆ, ನಾವು ಸುಮ್ಮನೆ ನೋಡಬೇಕು. ಖಾಲಿ ಓಣಿ, ಖಾಲಿ ಕಾಗದ, ನಡೆಯುವ ಒಬ್ಬ. ಇಪ್ಪತ್ತೇಳು ಬಂದಾಗಲೇ ನನ್ನ ಅಣ್ಣ ಶಿವಪುತ್ರ ಅನ್ನುತ್ತಿದ್ದ, ‘ಊರ ಇಲ್ಲ, ಮಂದಿ ಇಲ್ಲ, ಬರೇ ಬಣ್ಣ ಐತಿ.’

ಈಗ ನಾವು ಮಾಡಿದ ತಪ್ಪಿಗೆ ಬರುತ್ತೇನೆ. ಬಾಗಿಲು ಚಿತ್ರವಾದಾಗ ಅಭಿಮಾನಿಗಳು ಒಂದು ಚಳವಳಿ ಹೂಡಿದರು. ಆಟದಲ್ಲಿ ಯಾರು ಎಲ್ಲಿ ಕೈ ಇಟ್ಟರೂ ಅದು ಮಂಡಳಿಯ ಯಂತ್ರಕ್ಕೆ ತಿಳಿಯುತ್ತದೆ. ಎಲ್ಲರೂ ದಿನಾ ಆ ಚಿತ್ರವನ್ನು ಮೂರು ಸಲ ತಟ್ಟಿದರೆ, ಜನಕ್ಕೆ ಬಾಗಿಲು ಬೇಕಾಗಿದೆ ಎಂದು ಅವರಿಗೆ ಗೊತ್ತಾದೀತು ಎಂದು. ಬಾಗಿಲು ಬರಲಿಲ್ಲ, ತಟ್ಟುವುದು ರೂಢಿಯಾಯಿತು. ಆಮೇಲೆ ಸಂಘದ ಹಿರಿಯರೊಬ್ಬರು ತೀರಿಕೊಂಡಾಗ ಯಾರೋ ಅಲ್ಲಿ ನಿಂತು, ತಟ್ಟಿ, ‘ಟಪಾಲ್!’ ಎಂದು ಕೂಗಿ ಅವರ ಹೆಸರು ಹೇಳಿದರು. ಎಲ್ಲರಿಗೂ ಕಣ್ಣಲ್ಲಿ ನೀರು ಬಂತಂತೆ. ಅಂದಿನಿಂದ ನಮ್ಮಲ್ಲಿ ಯಾರು ಸತ್ತರೂ ಮೂರನೇ ದಿನ ಸಂಘದವರೆಲ್ಲ ಕಣ್ಣುಪಟ್ಟಿ ಕಟ್ಟಿ, ಐದನೇ ಬಾಗಿಲ ಚಿತ್ರದ ಮುಂದೆ ಸೇರಿ, ಹೆಸರು ಕೂಗುತ್ತೇವೆ. ಇಲ್ಲಿಯವರೆಗೆ ನಾಲ್ಕು ನೂರ ಹನ್ನೆರಡು ಹೆಸರು. ಗೌರವ ಸಲ್ಲಿಸುತ್ತಿದ್ದೇವೆ ಎಂದುಕೊಂಡಿದ್ದೆವು. ನಿಮ್ಮ ಆಟದ ಮೊದಲ ನಿಯಮವೇನು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಅದನ್ನು ಬಾಯಿಪಾಠ ಮಾಡಿದ್ದ ನನಗೂ ಹೊಳೆಯಲಿಲ್ಲ.

ಶಿವಪುತ್ರಣ್ಣ ಮೂವತ್ತನೇ ಭಾಗದ ಕೊನೆಯ ವರ್ಷ ತೀರಿಕೊಂಡ. ನಮ್ಮಿಬ್ಬರದು ಒಂದೇ ನೆಲಮನೆ. ನನ್ನ ಗಂಡ ಹೋದ ಮೇಲೆ ಇಪ್ಪತ್ತು ವರ್ಷ ನಾವಿಬ್ಬರೇ ಹಗಲುಬೀಗದ ಹೊತ್ತನ್ನು ಆಟ ಬಯ್ಯುತ್ತ ಕಳೆದೆವು. ಬಯ್ಯುವ ಮೊದಲು ಅವನು ಎರಡು ಸಲ ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ಆ ಕೆಮ್ಮು ಕೇಳಿದರೆ ಸಾಕು, ಇವತ್ತು ಏನು ಗ್ರಹಚಾರ ಕಾದಿದೆಯೋ ಎಂದು ನಾನು ನಗುತ್ತಿದ್ದೆ. ಅವನ ಹೆಸರನ್ನು ಬಾಗಿಲಲ್ಲಿ ಕೂಗಿದವಳು ನಾನೇ. ಅದಾದ ಮೇಲೆ ಮೂವತ್ತೊಂದನೇ ಭಾಗ ಬಂತು, ನಾನು ಅದನ್ನು ಒಬ್ಬಳೇ ನೋಡಿದೆ. ಜೊತೆಗೆ ಬಯ್ಯಲು ಯಾರೂ ಇಲ್ಲದೆ ನನಗೆ ತಲೆ ಕೆಟ್ಟುಹೋಯಿತು. ‘ಇದು ನಮ್ಮ ಓಣಿ ಅಲ್ಲ, ಸತ್ತದ್ದನ್ನು ನಡೆಸಬೇಡಿ, ನಿಲ್ಲಿಸಿ’ ಎಂದು ಒಂದು ಮನವಿ ಬರೆದೆ. ಒಂಬತ್ತು ಸಾವಿರ ಜನ ಸಹಿ ಹಾಕಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಮಂಡಳಿ ನಮ್ಮ ಮಾತು ಕೇಳಿತು. ಎರಡನೇ ಬೇಸಿಗೆಯ ತೊಂಬತ್ತನೇ ದಿನ ‘ಓಣಿ’ಯನ್ನು ಶಾಶ್ವತವಾಗಿ ಮುಚ್ಚುವುದಾಗಿ ಹೇಳಿದರು. ಸಂಘದಲ್ಲಿ ಸಿಹಿ ಹಂಚಿದೆವು. ನಾನೇ ಹಂಚಿದೆ.

ಅದಾಗಿ ಹನ್ನೊಂದು ದಿನಕ್ಕೆ, ನಡುಮಧ್ಯಾಹ್ನ, ಮೇಲೆ ಬಿಸಿಲಿಗೆ ಕಲ್ಲು ಸಿಡಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲದ ಹೊತ್ತಿನಲ್ಲಿ, ಕೊನೆಯ ಸಲ ನೋಡಿ ಬಿಡೋಣ ಎಂದು ಓಣಿಗೆ ಹೋದೆ. ಅಂಚೆಯಣ್ಣ ತನ್ನಷ್ಟಕ್ಕೆ ನಡೆಯುತ್ತಿದ್ದ. ಐದನೇ ಬಾಗಿಲ ಚಿತ್ರದ ಮುಂದೆ ನಿಂತುಬಿಟ್ಟ. ಅವನು ನಿಲ್ಲುವಂತೆ ಯಾರೂ ಮಾಡಿಲ್ಲ, ಅವನಿಗೆ ನಿಲ್ಲುವುದೇ ಗೊತ್ತಿಲ್ಲ. ಗೋಡೆಯ ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನೂರು ವರ್ಷದ ಹಿಂದೆ ತೆಗೆದುಹಾಕಿದ ಸದ್ದು. ನಾನು ಕೈ ಮುಂದೆ ಮಾಡುವ ಮೊದಲೇ ಯಾರೋ ತಟ್ಟಿದರು, ಮೂರು ಸಲ, ಒಳಗಿನಿಂದ. ಆಮೇಲೆ ಒಂದು ಕೆಮ್ಮು. ಒಂದು ಕ್ಷಣ ಬಿಟ್ಟು ಇನ್ನೊಂದು ಕೆಮ್ಮು. ಗಂಟಲು ಸರಿ ಮಾಡಿಕೊಂಡ ಸದ್ದು. ಮಾತು ಬರುತ್ತದೆ ಎಂದು ನಾನು ಗೋಡೆಗೆ ಕಿವಿ ಹಚ್ಚಿ ನಿಂತೆ. ಬರಲಿಲ್ಲ. ಬಹಳ ಜನ ಒಬ್ಬರಿಗೊಬ್ಬರು ಒತ್ತಿ ನಿಂತಾಗ ಬಟ್ಟೆಗಳು ಉಜ್ಜುತ್ತವಲ್ಲ, ಅಂಥ ಸದ್ದು ಮಾತ್ರ ಕೇಳುತ್ತಿತ್ತು.

ಮಂಡಳಿಗೆ ಬರೆದೆ, ಮುಚ್ಚಬೇಡಿ ಎಂದು ಕಾಲು ಹಿಡಿಯುವುದೊಂದು ಬಾಕಿ. ನೀವೇ ಕೇಳಿದಿರಲ್ಲ ಎಂದು ಉತ್ತರ ಬಂತು. ಗೋಡೆಯ ಹಿಂದೆ ಏನಿದೆ ಎಂದು ಕೇಳಿದರೆ, ಏನೂ ಇಲ್ಲ ಎಂದರು. ಎಷ್ಟು ಭಾಗ ಬಂದರೂ ಹಳೆಯ ಬುನಾದಿಯ ಮೇಲೇ ಕಟ್ಟುತ್ತ ಬಂದಿದ್ದೇವೆ, ಮೊದಲ ಭಾಗದಲ್ಲಿ ಅಲ್ಲಿ ಏನೂ ಇರಲಿಲ್ಲ, ಆದ್ದರಿಂದ ಯಾವ ಭಾಗದಲ್ಲೂ ಇಲ್ಲ ಎಂದರು. ಆ ಉತ್ತರ ಬರೆದವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ನಮ್ಮ ಪದ್ಧತಿ ಗೊತ್ತಿಲ್ಲ.

ಇನ್ನೊಂದು ಕೆಲಸ ಮಾಡಿದೆ, ಸಂಘದ ನಿಯಮ ಮುರಿದು. ನಿಮ್ಮ ಮೊದಲ ಭಾಗ ಓಡುವ ಹಳೆಯ ಯಂತ್ರಗಳು ಲೋಕದಲ್ಲಿ ಇನ್ನು ಮೂರೇ ಉಳಿದಿವೆ, ಒಂದು ನನ್ನ ವಶದಲ್ಲಿದೆ. ವರ್ಷಕ್ಕೆ ಒಂದು ಗಂಟೆ ಮಾತ್ರ ಹಚ್ಚಬೇಕೆಂದು ಕಟ್ಟಳೆ. ಅದಕ್ಕೂ ಮಂಡಳಿಗೂ ಯಾವ ತಂತಿಯ ನಂಟೂ ಇಲ್ಲ, ಅದನ್ನು ಯಾರೂ ಮುಚ್ಚಲಾರರು. ಮೂರು ದಿನದ ಹಿಂದೆ ಅದನ್ನು ಹಚ್ಚಿದೆ. ಎಲ್ಲ ಹಾಗೇ ಇತ್ತು. ಮೂರನೇ ಮನೆಯ ಮಗ್ಗದ ಸದ್ದು, ಕಟ್ಟೆಯ ಮೇಲೆ ಬಿಸಿಲಿಗಿಟ್ಟ ಹಪ್ಪಳ, ಓಣಿಯ ಮೂಲೆಯ ಕೆಂಪು ಟಪಾಲು ಡಬ್ಬಿ. ಐದನೇ ಬಾಗಿಲ ಬಳಿ ಹೋಗಿ ತಟ್ಟಿದೆ. ರೊಟ್ಟಿಯ ಸದ್ದು ನಿಂತಿತು. ಚಿಕ್ಕಂದಿನಿಂದ ಕೇಳಿದ ಆ ಒಂದು ಮಾತಿಗಾಗಿ ಕಾದೆ. ಫಕ್ಕೀರವ್ವ ಹೇಳಿದಳು: ‘ಎಷ್ಟ್ ಮಂದೀನ ಕಳಸ್ತೀರಿ? ಒಳಗ ಜಾಗಾ ಇಲ್ಲ.’

ಆ ಮಾತನ್ನು ನೀವು ರೆಕಾರ್ಡ್ ಮಾಡಿಲ್ಲ. ನಿಮ್ಮ ದಿನಚರಿಯಲ್ಲಿ ಇಲ್ಲ, ಯಂತ್ರದಲ್ಲಿ ಇರಲು ಸಾಧ್ಯವಿಲ್ಲ. ದನಿ ಆಕೆಯದೇ. ಸಿಟ್ಟಿನಲ್ಲಿ ಹೇಳಿದ್ದಲ್ಲ, ಮನೆ ಚಿಕ್ಕದು, ನೆಂಟರು ಬಂದೇ ಬರುತ್ತಿದ್ದಾರೆ, ಏನು ಮಾಡಲಿ ಎನ್ನುವ ಹೆಂಗಸಿನ ಹಾಗೆ ಹೇಳಿದಳು. ಆಟದ ನಿಯಮ ನನಗೆ ಹೊಳೆದದ್ದು ಆಗ. ಸರಿಯಾದ ಬಾಗಿಲಲ್ಲಿ ನಿಂತು ಹೆಸರು ಕೂಗಿದರೆ ಕಾಗದ ಒಳಗೆ ಹೋಗುತ್ತದೆ. ನೂರು ವರ್ಷಗಳಿಂದ ನಾವು ನಮ್ಮ ಸತ್ತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಆ ಬಾಗಿಲಿಗೆ ಹಂಚಿಬಿಟ್ಟಿದ್ದೇವೆ. ಒಳಗೆ ಎಂಬುದೇ ಇಲ್ಲದ ಮನೆಗೆ. ನೆಲವಿಲ್ಲ, ಗೋಡೆಯಿಲ್ಲ, ಬಾಗಿಲಿನ ದಪ್ಪದಷ್ಟು ಜಾಗದಲ್ಲಿ ನಾಲ್ಕು ನೂರ ಹನ್ನೆರಡು ಜನ ನಿಂತಿದ್ದಾರೆ. ಅವರ ನಡುವೆ ನನ್ನ ಅಣ್ಣ, ಮಂಡಿನೋವಿನವನು. ಹೊಸ ಭಾಗ ಮುಚ್ಚಿದ ದಿನ ಆ ಕಡೆಯ ಗೋಡೆಯೂ ಹೋಗುತ್ತದೆ. ಉಳಿಯುವುದು ನನ್ನ ಯಂತ್ರದ ಈ ಬಾಗಿಲೊಂದೇ. ಈ ಕಡೆ ಬರೋಣವೆಂದರೆ ಜಾಗವಿಲ್ಲ ಎನ್ನುತ್ತಿದ್ದಾಳೆ ಫಕ್ಕೀರವ್ವ.

ಇದು ತರ್ಕಕ್ಕೆ ನಿಲ್ಲುವುದಿಲ್ಲ, ನನಗೂ ಗೊತ್ತು. ಮುಪ್ಪಿನಲ್ಲಿ ಒಬ್ಬಳೇ ಇದ್ದು ತಲೆ ತಿರುಗಿದೆ ಎಂದು ಸಂಘದ ಕಾರ್ಯದರ್ಶಿ ಮೂಗು ಮುರಿದರು. ಅವರೂ ಬಂದು ಕಿವಿ ಹಚ್ಚಿದರು. ಆಮೇಲೆ ಮೆಟ್ಟಿಲು ಹತ್ತಿ ಹೋದರು, ಹಗಲುಬೀಗ ತೆರೆಯುವವರೆಗೂ ಮೇಲಿನ ಮೆಟ್ಟಿಲ ಮೇಲೇ ಕೂತಿದ್ದರು. ಅವರ ತಾಯಿಯ ಹೆಸರನ್ನೂ ನಾವು ಕೂಗಿದ್ದೇವೆ.

ನಿಮ್ಮ ದಿನಚರಿಯ ಇನ್ನೊಂದು ಸಾಲು ನನಗೆ ಆಗ ನೆನಪಾಯಿತು: ‘ಡಬ್ಬಿಗೆ ಹಾಕಿದ ಕಾಗದ ಎಲ್ಲಿಗೆ ಹೋಗಬೇಕೆಂದು ಇನ್ನೂ ಬರೆದಿಲ್ಲ. ಮರೆಯಬಾರದು.’ ನೀವು ಮರೆತಿರಿ. ಮೊದಲ ಭಾಗದ ಡಬ್ಬಿಯಲ್ಲಿ ಏನು ಹಾಕಿದರೂ ಬೆಳಗಾಗುವುದರಲ್ಲಿ ಇರುವುದಿಲ್ಲ. ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಗೊತ್ತಿಲ್ಲ. ಒಂದು ಕಾಗದ ಮಾತ್ರ ನಿಮಗೆ ಸಿಕ್ಕಿದೆ ಎಂದು ನನಗೆ ಗೊತ್ತು.

ಆದ್ದರಿಂದ ಕೇಳುತ್ತಿದ್ದೇನೆ. ಆಟವನ್ನು ಯಾರಿಗೂ ಮಾರಬೇಡಿ ಎಂದು ಕೇಳುತ್ತಿಲ್ಲ. ಕತ್ತಿ, ಲಕೋಟೆ, ಖಾಲಿ ಓಣಿ, ಎಲ್ಲ ಆಗಲಿ, ಬೈದುಕೊಂಡಾದರೂ ನಾವು ಬದುಕಿದ್ದೇವೆ. ಆ ಬೈಗುಳವೇ ನನಗೂ ನನ್ನ ಅಣ್ಣನಿಗೂ ಇಪ್ಪತ್ತು ವರ್ಷದ ಸಂಸಾರವಾಗಿತ್ತು. ಐದನೇ ಬಾಗಿಲು ತೆರೆಯುವಂತೆ ಮಾಡಿ ಎಂದೂ ಕೇಳುವುದಿಲ್ಲ. ಅದು ಮುಚ್ಚಿಯೇ ಇರಲಿ, ಆ ಮಾತೂ ಹಾಗೇ ಇರಲಿ. ಅದರ ಹಿಂದೆ ಒಂದು ಕೋಣೆ ಕಟ್ಟಿ. ಆಡುವವರು ಯಾರೂ ನೋಡುವುದಿಲ್ಲ, ಅದಕ್ಕೆ ನಯನಾಜೂಕು ಬೇಕಿಲ್ಲ. ನೆಲ ಇರಲಿ. ಒರಗಲು ಗೋಡೆ ಇರಲಿ. ಒಂದು ಮೂಲೆಯಲ್ಲಿ ನೀರಿನ ಕೊಡ, ಹಾಸಲು ನಾಲ್ಕು ಚಾಪೆ. ಸಾಧ್ಯವಾದರೆ ಹಿತ್ತಲಿಗೆ ಇನ್ನೊಂದು ಬಾಗಿಲು, ಆಚೆ ಒಂದಿಷ್ಟು ಬಯಲು, ಇನ್ನೂ ಬರುವವರಿದ್ದೇವೆ. ನಿಮಗೆ ಒಂದು ಮಧ್ಯಾಹ್ನದ ಕೆಲಸ. ದಿನಚರಿಯಲ್ಲಿ ಅಕ್ಟೋಬರ್ ಹತ್ತರ ಹಾಳೆ ಖಾಲಿ ಇದೆ. ಅವತ್ತು ನೀವು ಏನು ಮಾಡಿದಿರಿ ಎಂದು ಯಾರಿಗೂ ಗೊತ್ತಿಲ್ಲ.

ಇನ್ನು ಬರೆದರೆ ಇನ್ನೂ ಉದ್ದವಾಗುತ್ತದೆ. ಈ ಕಾಗದವನ್ನು ಡಬ್ಬಿಗೆ ಹಾಕಿ, ನಾಲ್ಕು ಹೆಜ್ಜೆ ನಡೆದು, ಐದನೇ ಬಾಗಿಲ ಕಟ್ಟೆಯ ಮೇಲೆ ಕೂರುತ್ತೇನೆ. ತಟ್ಟುವುದಿಲ್ಲ, ಯಾರ ಹೆಸರೂ ಕೂಗುವುದಿಲ್ಲ. ಸುಮ್ಮನೆ ಕೇಳುತ್ತೇನೆ. ಮತ್ತೆ ಅದೇ ಬಟ್ಟೆ ಉಜ್ಜುವ ಸದ್ದು ಬಂದರೆ ನೀವು ಓದದೆ ಅಳಿಸಿದಿರಿ ಎಂದು ತಿಳಿಯುತ್ತೇನೆ, ನಿಮ್ಮನ್ನು ಬಯ್ಯುವುದಿಲ್ಲ. ಒಳಗೆ ಯಾರೋ ಚಾಪೆ ಬಿಡಿಸಿ ಹಾಸಿದ ಸದ್ದು ಬಂದು, ಮಂಡಿ ನೋಯುವ ಒಬ್ಬ ಮನುಷ್ಯ ಅಮ್ಮಾ ಎಂದು ನರಳಿ ಕೆಳಗೆ ಕೂತ ಸದ್ದು ಬಂದರೆ, ಓದಿದಿರಿ ಎಂದು ತಿಳಿಯುತ್ತೇನೆ.

ನಿಮ್ಮ ಓಣಿಯವಳು,
ಕಸ್ತೂರಿ ಹಾದಿಮನಿ